ದಾರಕ್ಕೇರದ ಒಂದು ಮುತ್ತು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ಟೆಂಪೋಗಳು ಇನ್ನೂ ಹೆಡ್‌ಲೈಟ್ ಆರಿಸಿಲ್ಲ. ಹಿಂದಿನ ಗಲ್ಲಿಯ ಪುಟ್ಟ ಮನೆಯೊಂದರಲ್ಲಿ ಅಜೀಜಾ ಬೆಳಗಿನ ನಮಾಜು ಮುಗಿಸಿ, ಉತ್ತರದ ಕಿಟಕಿ ತೆರೆದು, ಅದರ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತಾರೆ. ಮುಂದೆ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಒಗೆದು ಒಗೆದು ಮೆತ್ತಗಾದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ತಮ್ಮದೇ ಡಬ್ಬಿಯಿಂದ ಸುರಿದುಕೊಂಡ ಬಗೆಬಗೆಯ ಬಿಡಿ ಮುತ್ತುಗಳು. ಒಂದೊಂದನ್ನೇ ಎರಡು ಬೆರಳುಗಳ ನಡುವೆ ಹಿಡಿದು ಬೆಳಕಿಗೆ ಒಡ್ಡುತ್ತಾರೆ, ನಿಧಾನವಾಗಿ ತಿರುಗಿಸುತ್ತಾರೆ, ಕೆಳಗಿಡುತ್ತಾರೆ. ಟ್ಯೂಬ್‌ಲೈಟಿನ ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರವಿದ್ದರೂ ಅದರ ಗೊಡವೆಗೆ ಹೋಗುವುದಿಲ್ಲ. “ಲೈಟ್ ಹಾಕಿದ್ರೆ ಎಲ್ಲಾ ಮುತ್ತೂ ಚೆನ್ನಾಗೇ ಕಾಣ್ತವೆ. ಅದಕ್ಕೇ ಅಲ್ವಾ ಅಂಗಡಿಯೋರು ಅಷ್ಟೊಂದು ಲೈಟ್ ಹಾಕಿರೋದು” ಎನ್ನುತ್ತಾರೆ. ಬೆಳಗಾಗಿ ಬಿಸಿಲೇರುವ ಮುಂಚಿನ ಈ ಬೆಳಕಿಗೆ ಯಾರ ಮುಲಾಜೂ ಇಲ್ಲ ಎನ್ನುವುದು ಅವರ ನಂಬಿಕೆ.

ಅಜೀಜಾ ಅವರಿಗೆ ಅರವತ್ತರ ಆಸುಪಾಸು. ಕಸುಬು ಮುತ್ತು ಪೋಣಿಸುವುದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಆಭರಣದಂಗಡಿಗಳ ಗಾಜಿನ ಹಿಂದೆ ತೂಗುವ ಎಷ್ಟೋ ಹಾರಗಳ ಗಂಟು ಇವರ ಕೈಯದ್ದು. ಹಾರದ ಮೇಲೆ ಪೋಣಿಸಿದವರ ಹೆಸರಿರುವುದಿಲ್ಲ, ಬರೆಯಲು ಜಾಗವೂ ಇರುವುದಿಲ್ಲ. ಆದರೆ ಸುತ್ತಲ ಜನ ಈ ಬಾಗಿಲು ತಟ್ಟುವುದು ಗಂಟಿಗಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಮುತ್ತು ಕೊಳ್ಳುವ ಮುನ್ನ ತಂದು ತೋರಿಸಿ ಕೇಳುತ್ತಾರೆ: ಇದು ಅಸಲಿಯೋ ನಕಲಿಯೋ, ಸಮುದ್ರದ್ದೋ ಕೆರೆಯದ್ದೋ? ನೋಡಿ ಹೇಳುವುದಕ್ಕೆ ಅಜೀಜಾ ಕಾಸು ಮುಟ್ಟುವುದಿಲ್ಲ. ಅವರು ಹೂಂ ಎಂದರೆ ಜನ ಅಂಗಡಿಗೆ ವಾಪಸು ಹೋಗಿ ವ್ಯಾಪಾರ ಮುಗಿಸುತ್ತಾರೆ.

ಇವತ್ತು ಮಾತ್ರ ಅವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಗಲ್ಲಿಯಲ್ಲಿ ಕಾರಿನ ಸದ್ದಾದರೆ ಸಾಕು, ಕತ್ತು ಬಾಗಿಲ ಕಡೆ ತಿರುಗುತ್ತದೆ. ಯುಗಾದಿಯ ಸುಮಾರಿಗೆ ‘ಇದು ಸಮುದ್ರದ ಮುತ್ತು’ ಎಂದು ತಾವೇ ಹೇಳಿ ಕೊಡಿಸಿದ ಹಾರವೊಂದು ಇವತ್ತು ಮರಳಿ ಈ ತಟ್ಟೆಗೆ ಬರಲಿದೆ. ಆ ಮಾತು ತಪ್ಪಾಗಿತ್ತೇನೋ ಎಂಬ ಹುಳ ಕೆಲವು ವಾರಗಳಿಂದ ತಲೆ ಕೊರೆಯುತ್ತಿದೆ. ಹಾರ ಮದುವೆಯದ್ದು, ಮದುವೆ ಬರುವ ಭಾನುವಾರ. ಬೆಳಿಗ್ಗೆಯಿಂದ ಡಬ್ಬಿಯ ಮುತ್ತುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುವುದು ಅದೇ ಕಾರಣಕ್ಕೆ, ಪರೀಕ್ಷೆಗೆ ಹೋಗುವ ಮುಂಚೆ ಪುಟ ತಿರುವುವವರ ಹಾಗೆ.

ಕಾರಿಗಿಂತ ಮೊದಲು ಬಾಗಿಲಿಗೆ ಬರುವುದು ಜಂಗಮಕೋಟೆಯ ಕೋನಪ್ಪನವರ ಮೊಪೆಡ್ಡು. ಕೋನಪ್ಪ ರೇಷ್ಮೆ ಬೆಳೆಗಾರರು. ಮಗ ಮಾರುಕಟ್ಟೆಯಲ್ಲಿ ಗೂಡು ಸುರಿದು ಕಾಯುತ್ತಿದ್ದಾನೆ, ಹರಾಜು ಶುರುವಾಗುವುದರೊಳಗೆ ಇವರು ಇಲ್ಲಿಗೊಂದು ಸುತ್ತು ಬಂದಿದ್ದಾರೆ. ಮೊಮ್ಮಗ ಮಾತು ಮಾತಿಗೂ ಅಳುತ್ತಾನೆ, ಚಂದ್ರಬಲ ಸಾಲದು, ಬೆಳ್ಳಿ ಉಂಗುರದಲ್ಲಿ ಮುತ್ತು ಹಾಕಿಸಿ ಎಂದು ಜ್ಯೋತಿಷಿ ಹೇಳಿದ್ದಾರಂತೆ. ಪೆರೇಸಂದ್ರದ ಬಳಿ ಹೆದ್ದಾರಿ ಪಕ್ಕ ಬಟ್ಟೆ ಹಾಸಿಕೊಂಡು ಮಾರುವವನಿಂದ, ತೋರಿಸಿಕೊಂಡು ಬರುತ್ತೇನೆಂದು ಎರಡು ಮುತ್ತು ಇಸಿದುಕೊಂಡು ಬಂದಿದ್ದಾರೆ. ಕಾಗದದ ಪೊಟ್ಟಣ ಬಿಚ್ಚುವಾಗಲೇ, ತನಗೇನೂ ಇದರಲ್ಲಿ ನಂಬಿಕೆ ಇಲ್ಲ, ಮನೆಯಲ್ಲಿ ಹೆಂಗಸರ ಕಾಟ ಎಂದೂ ಸೇರಿಸುತ್ತಾರೆ.

ಅಜೀಜಾ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಅಸಲಿ ಮುತ್ತು ಕೈಗೆ ಮೊದಲು ತಣ್ಣಗೆ ತಾಗುತ್ತದೆ, ಪ್ಲಾಸ್ಟಿಕ್ಕಿಗೆ ಆ ತಂಪಿಲ್ಲ. ಗಾಜಿಗೆ ಇದೆ, ಹಾಗಾಗಿ ತಂಪೊಂದನ್ನೇ ನಂಬುವಂತಿಲ್ಲ. ಆಮೇಲೆ ಡಬ್ಬಿಯ ಮುತ್ತೊಂದಕ್ಕೆ ಇವನ್ನು ಮೆಲ್ಲಗೆ ಉಜ್ಜುತ್ತಾರೆ. ಒಂದು ನುಣ್ಣಗೆ ಜಾರುತ್ತದೆ. ಅದರ ತೂತಿನ ಅಂಚಿನಲ್ಲಿ ಹೊಳಪಿನ ಪದರ ಸಿಪ್ಪೆಯಾಗಿ ಎದ್ದಿದೆ. ಅದು ಗಾಜಿನ ಮಣಿಗೆ ಬಳಿದ ಬಣ್ಣ. ಇನ್ನೊಂದು ಉಜ್ಜುವಾಗ ನಯವಾದ ರವೆಯಂತೆ ಬೆರಳಿಗೆ ತಿಳಿಯುತ್ತದೆ. ಭೂತಗನ್ನಡಿಯಲ್ಲಿ ತೂತಿನೊಳಗೆ ಇಣುಕಿದರೆ ಹೊರಗಿನ ಬಣ್ಣವೇ ಒಳತನಕ ಹೋಗಿದೆ. ಆಕಾರ ಪೂರಾ ದುಂಡಲ್ಲ, ಒಂದು ಬದಿ ಚೂರು ಚಪ್ಪಟೆ. ಇದು ಮುತ್ತೇ, ಸಿಹಿನೀರಿನಲ್ಲಿ ಬೆಳೆಸಿದ್ದು. ಅಜೀಜಾ ಅದನ್ನು ಕೆರೆ ಮುತ್ತು ಎನ್ನುತ್ತಾರೆ.

ಬೆಳೆಸಿದ್ದು ಅಂದರೆ ಡೂಪ್ಲಿಕೇಟು ತಾನೆ ಎಂದು ಕೋನಪ್ಪ ಮುಖ ಸಪ್ಪೆ ಮಾಡುತ್ತಾರೆ. ಈ ಪ್ರಶ್ನೆ ಕೇಳದ ಗಿರಾಕಿಯೇ ಇಲ್ಲ. “ನೀವು ಬೆಳೆಸೋ ಗೂಡು ಡೂಪ್ಲಿಕೇಟಾ ಕೋನಪ್ಪಣ್ಣ? ಹುಳ ಸಾಕ್ತೀರಿ, ಸೊಪ್ಪು ಹಾಕ್ತೀರಿ, ಬಿದಿರಿನ ಚಂದ್ರಿಕೆ ತಟ್ಟಿ ಮೇಲೆ ಬಿಡ್ತೀರಿ. ಗೂಡು ಕಟ್ಟೋದು ಹುಳಾನೇ. ಅದನ್ನ ಯಾರಾದ್ರೂ ಸುಳ್ಳು ರೇಷ್ಮೆ ಅಂತಾರಾ? ಚಿಪ್ಪಿನೊಳಗೆ ಮನುಷ್ಯ ಒಂದು ಚೂರು ಇಟ್ಟು ಬಿಡ್ತಾನೆ ಅಷ್ಟೇ. ಮುತ್ತು ಕಟ್ಟೋದು ಅದೇ.” ಕೋನಪ್ಪನವರಿಗೆ ಇದು ಒಪ್ಪಿಗೆಯಾಗುತ್ತದೆ. ಆದರೆ ಜ್ಯೋತಿಷಿ ಸಮುದ್ರದ್ದೇ ಆಗಬೇಕು ಎಂದರೆ ಏನು ಮಾಡಲಿ ಎಂದು ಕೇಳುತ್ತಾರೆ. ಸಮುದ್ರ ಎಂಬ ಮಾತೇ ಇವತ್ತು ಅಜೀಜಾ ಅವರಿಗೆ ಬೇಡ. ಟೀ ತರುತ್ತೇನೆಂದು ಎದ್ದು ಒಳಗೆ ಹೋಗುತ್ತಾರೆ. ಕೋನಪ್ಪ ಹರಾಜಿಗೆ ಇನ್ನೂ ಹೊತ್ತಿದೆಯೆಂದು ಮೂಲೆಯ ಸ್ಟೂಲಿನಲ್ಲಿ ಕೂರುತ್ತಾರೆ.

ಈ ಕೈಗಳು ಮೊದಲಿನಿಂದ ಮುತ್ತು ಹಿಡಿದವಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ಅಜೀಜಾ ಅವರ ಗಂಡನ ಮನೆಯಲ್ಲಿ ರೇಷ್ಮೆ ಬಿಚ್ಚುವ ಬೇಸಿನ್‌ಗಳಿದ್ದವು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ಎಳೆಯ ತುದಿ ಹುಡುಕುವುದು ಹೊಸ ಸೊಸೆಯ ಪಾಲಿಗೆ ಬಂತು. ಬೇಯುವ ಹುಳದ ವಾಸನೆ ಊಟದ ತಟ್ಟೆಯವರೆಗೂ ಹಿಂಬಾಲಿಸುತ್ತಿತ್ತು. ಬೆರಳ ತುದಿಯ ಚರ್ಮ ಸುಲಿದು, ಮಾಯ್ದು, ಮತ್ತೆ ಸುಲಿಯುತ್ತಿತ್ತು. ಒಲೆಯ ಹೊಗೆ ಕುಡಿದು ಕುಡಿದು ಗಂಡನಿಗೆ ಉಬ್ಬಸ ಅಂಟಿಕೊಂಡಾಗ ಬೇಸಿನ್‌ಗಳನ್ನು ಮಾರಿದರು. ಅವರೀಗ ಮಾರುಕಟ್ಟೆಯಲ್ಲಿ ಗೂಡು ತೂಕ ಮಾಡುವ ಕಡೆ ಕೂತು ಬರುತ್ತಾರೆ. ಬೇಸಿನ್ ಹೋದ ಮೇಲೂ ಅಜೀಜಾ ಹುರಿ ಮಾಡಿದ ರೇಷ್ಮೆ ದಾರವನ್ನು ಚಿಂತಾಮಣಿಯ ಅಕ್ಕಸಾಲಿ ಆಚಾರರ ಮನೆಗೆ ಒಯ್ದು ಕೊಡುತ್ತಿದ್ದರು. ಆ ಮನೆಯ ಅನಸೂಯಮ್ಮ ಮುತ್ತು ಪೋಣಿಸುವವರು. ಸೊಂಟನೋವಿನಿಂದ ಹೆಚ್ಚು ಹೊತ್ತು ಕೂರಲಾಗದ ಅವರು ಒಂದು ದಿನ, ನೂಲಿನ ತುದಿ ಹುಡುಕುವ ಬೆರಳಿಗೆ ಇದೇನು ಮಹಾ ಎಂದು ಸೂಜಿಯನ್ನು ಅಜೀಜಾ ಅವರ ಕೈಗೆ ಕೊಟ್ಟರು.

ಅನಸೂಯಮ್ಮನ ಮನೆಮಾತು ತೆಲುಗು, ಅಜೀಜಾ ಅವರದ್ದು ಉರ್ದು. ಪಾಠ ನಡೆದದ್ದು ಇಬ್ಬರ ಅರೆಬರೆ ಕನ್ನಡದಲ್ಲಿ. “ಮುಂದು ಕನ್ನಂ ಚೂಡು, ತರವಾತ ಮಾಟ್ಲಾಡು ಅನ್ನೋರು. ಮೊದ್ಲು ತೂತು ನೋಡು, ಆಮೇಲೆ ಬಾಯಿ ಬಿಡು ಅಂತ” ಎಂದು ಅಜೀಜಾ ನೆನೆಯುತ್ತಾರೆ. ಸಮುದ್ರದ ಚಿಪ್ಪಿನೊಳಗೆ ದುಂಡು ಮಣಿಯೊಂದನ್ನು ಇಡುತ್ತಾರೆ, ಅದರ ಸುತ್ತ ಮುತ್ತಿನ ಪದರ ಕಟ್ಟುತ್ತದೆ. ಹಾಗಾಗಿ ತೂತಿನ ಒಳಗೆ ಮಣಿಗೂ ಪದರಕ್ಕೂ ನಡುವೆ ಕೂದಲಿನಂಥ ಗೆರೆ ಕಾಣುತ್ತದೆ. ಕೆರೆ ಮುತ್ತಿಗೆ ಮಣಿ ಇಡುವುದಿಲ್ಲ, ಅದರಲ್ಲಿ ಗೆರೆಯೂ ಇಲ್ಲ. ಗೆರೆ ಕಂಡರೆ ಸಮುದ್ರ, ಕಾಣದಿದ್ದರೆ ಕೆರೆ. ಅನಸೂಯಮ್ಮ ಹೇಳಿಕೊಟ್ಟ ಈ ಮಾತನ್ನು ಅಜೀಜಾ ಇಷ್ಟು ವರ್ಷ ಕಣ್ಣುಮುಚ್ಚಿ ನಂಬಿದ್ದರು. ಡಬ್ಬಿಯ ಮುತ್ತುಗಳೂ ಆ ಗುರು ಕೊಟ್ಟು ಹೋದವೇ.

ಅವನ್ನು ಮುಂದಿಟ್ಟುಕೊಂಡು ಅಜೀಜಾ ವಿವರಿಸುವುದನ್ನು ಕೇಳಬೇಕು. ಇದು ಜಪಾನಿನ ಕಡೆಯದ್ದು, ಅಕೋಯಾ ಅನ್ನುತ್ತಾರೆ: ಚಿಕ್ಕದು, ದುಂಡಗೆ, ಕಿಟಕಿಯ ಸರಳು ಅದರ ಮೈಮೇಲೆ ಸ್ಪಷ್ಟವಾಗಿ ಕಾಣುವಷ್ಟು ಚುರುಕು ಹೊಳಪು, ಆದರೆ ಪದರ ತೆಳು. ಇದು ದೊಡ್ಡದು, ಸೌತ್ ಸೀ: ಹೊಳಪು ಮಂದ, ಆದರೆ ಎಲ್ಲೋ ಒಳಗಿನಿಂದ ಬಂದ ಹಾಗೆ. ಇದು ಕರಿಮುತ್ತು: ತಿರುಗಿಸಿದರೆ ಹಸಿರು, ನೇರಳೆ ಓಡಾಡಬೇಕು. ಬರೀ ಇದ್ದಿಲಿನ ಕಪ್ಪಾಗಿದ್ದು ಎಲ್ಲ ಮುತ್ತೂ ಒಂದೇ ಅಚ್ಚಿನಂತಿದ್ದರೆ ಅದು ಬಣ್ಣ ಕುಡಿಸಿದ ಕೆರೆ ಮುತ್ತಾಗಿರುವುದೇ ಹೆಚ್ಚು. ತೂತಿನ ಸುತ್ತ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ, ಬಿಳಿ ದಾರಕ್ಕೂ ಹತ್ತಿರುತ್ತದೆ. ಹಾರ ಅಳತೆಗೆ ತೀರಾ ಒಂದೇ ಸಮ, ಬೆಲೆಗೆ ತೀರಾ ಅಗ್ಗ ಎಂದಾದರೆ ಕೊಳ್ಳುವವರೇ ಅನುಮಾನ ಪಡಬೇಕು. ಇವೆಲ್ಲ ಸಲೀಸಾಗಿ ಹೇಳುವ ಅಜೀಜಾ ಕೊನೆಗೆ ಒಂದು ಮುತ್ತಿನ ಬಳಿ ನಿಲ್ಲುತ್ತಾರೆ. ಅದನ್ನು ಬೇರೆಯಾಗಿ, ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಾರೆ. ಅದನ್ನು ಕೊಟ್ಟವರು ಅನಸೂಯಮ್ಮ ಅಲ್ಲ.

ಹೈದರಾಬಾದಿನಿಂದ ಮುತ್ತಿನ ಗೊಂಚಲು ತಂದು ಇಲ್ಲಿನ ಅಂಗಡಿಗಳಿಗೆ ಹಾಕುವ ಅಫ್ಜಲ್ ಕೆಲವು ವಾರಗಳ ಹಿಂದೆ ಈ ಮುತ್ತನ್ನು ತೋರಿಸಿದರು. ಕಾಬೂಲ್ ಕಡಲೆಯಷ್ಟು ದಪ್ಪ, ಒಳ್ಳೇ ದುಂಡು. ಅಜೀಜಾ ಅಭ್ಯಾಸದಂತೆ ತೂತಿನೊಳಗೆ ಇಣುಕಿದರು, ಗೆರೆ ಕಂಡಿತು, ಸಮುದ್ರದ್ದು ಎಂದರು. ಅಫ್ಜಲ್ ನಕ್ಕುಬಿಟ್ಟರು. ಇದು ಚೀನಾದ ಕೆರೆಯದ್ದು, ಈಗ ಅಲ್ಲೂ ಚಿಪ್ಪಿನೊಳಗೆ ಮಣಿ ಇಟ್ಟು ದೊಡ್ಡ ಮುತ್ತು ಬೆಳೆಸುತ್ತಾರೆ, ಬಂದು ವರ್ಷಗಳೇ ಆದವು, ನಿಮ್ಮವರೆಗೂ ಸುದ್ದಿ ಬರಲಿಲ್ಲವಾ ಖಾಲಾ ಎಂದರು. ಬರಿಗಣ್ಣಿಗೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ, ಬೆಂಗಳೂರಿನ ಲ್ಯಾಬಿನಲ್ಲಿ ಎಕ್ಸ್-ರೇ ಹಾಯಿಸಿ ನೋಡುತ್ತಾರೆ, ಆಗ ಕೆರೆಯದ್ದು ಬೇರೆ ಥರ ಹೊಳೆಯುತ್ತದಂತೆ. ಅಫ್ಜಲ್ ನಗುತ್ತಲೇ ಟೀ ಕುಡಿದು, ಈ ಮುತ್ತು ನಿಮಗೇ ಇರಲಿ ಎಂದು ಕೊಟ್ಟು ಎದ್ದು ಹೋದರು. ಅಜೀಜಾ ಅವರಿಗೆ ನಗು ಬರಲಿಲ್ಲ. ಇಂಥದ್ದೇ ದಪ್ಪದ, ಇಂಥದ್ದೇ ಗೆರೆಯ ಹಾರ ಆಗಲೇ ಗೌರಿಬಿದನೂರು ಸೇರಿಯಾಗಿತ್ತು.

ಅದನ್ನು ಕೊಂಡವರು ಗೌಸ್ ಪೀರ್. ಗೌರಿಬಿದನೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟವರು. ಮಗ ಪರ್ವೇಜನಿಗೆ ಚಿಂತಾಮಣಿಯ ಮೆಹ್ವಿಶ್ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದಾರೆ. ಹುಡುಗಿ ಅಲ್ಲೇ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಸೊಸೆಗೆ ಕೊಡುವ ಹಾರವನ್ನು ಅಂಗಡಿಯವರಿಂದ ಕೇಳಿ ತಂದು ಅಜೀಜಾ ಅವರಿಗೆ ತೋರಿಸಿ, ಅವರು ಹೇಳಿದ ಮೇಲೆಯೇ ಕೊಂಡರು. ಮಂಗ್ನಿಯ ದಿನ, ಅಂದರೆ ನಿಶ್ಚಿತಾರ್ಥಕ್ಕೆ, ನೆಂಟರೆಲ್ಲರ ಮುಂದೆ ಪೆಟ್ಟಿಗೆ ತೆರೆದು, ಸಮುದ್ರದ ಮುತ್ತು, ಶಿಡ್ಲಘಟ್ಟದ ಅಜೀಜಾಬೀ ನೋಡಿ ಹೇಳಿದ್ದು ಎಂದೂ ಸಾರಿದರು. ಗೌಸ್ ಪೀರ್ ಅವರ ಅಕ್ಕನಿಗೆ ಮೊದಲಿನಿಂದ ಈ ಸಂಬಂಧ ಹಿಡಿಸಿರಲಿಲ್ಲ. ಹೌದಾ, ಒಂದಿನ ನಾನೂ ಇದನ್ನ ಬೇರೆ ಕಡೆ ತೋರಿಸ್ತೀನಿ ಎಂದು ಆಕೆ ಅಲ್ಲೇ ಅಂದದ್ದು ಅಜೀಜಾ ಅವರ ಕಿವಿಗೂ ಬಿತ್ತು.

ಇಲ್ಲಿಗೇ ಮುಗಿದಿದ್ದರೆ ತಪ್ಪು ಅಜೀಜಾ ಅವರದ್ದು, ಮುಜುಗರ ಗೌಸ್ ಪೀರ್ ಅವರದ್ದು ಎಂದು ಬಿಡಬಹುದಿತ್ತು. ಆದರೆ ಮೆಹ್ವಿಶ್ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಗಂಡಿನ ಕಡೆಯಿಂದ ಬಂದ ಮುತ್ತಿನ ಹಾರವನ್ನು ನಿಕಾಹ್‌ಗೆ ಮುಂಚೆ ಹೆಣ್ಣಿನ ಕಡೆಯವರು ತಮ್ಮ ಕಡೆಯ ರೇಷ್ಮೆ ದಾರದಲ್ಲಿ ಹೊಸದಾಗಿ ಪೋಣಿಸಬೇಕು. ನಾಳೆ ಆ ಅಕ್ಕ ಹಾರವನ್ನು ಎಲ್ಲಿಯಾದರೂ ತೋರಿಸಿ, ಕೆರೆ ಮುತ್ತು ಎಂದು ಗೊತ್ತಾದರೆ, ಅಜೀಜಾಬೀ ತಪ್ಪು ಹೇಳಿದ್ದರು ಎಂದು ಯಾರೂ ಯೋಚಿಸುವುದಿಲ್ಲ. ದಾರ ಬದಲಾಯಿಸುವಾಗ ಹೆಣ್ಣಿನ ಕಡೆಯವರು ಮುತ್ತನ್ನೇ ಬದಲಾಯಿಸಿದರು ಎನ್ನುತ್ತಾರೆ. ಹೊಸ ಮನೆಗೆ ಕಾಲಿಡುವ ಹುಡುಗಿಯ ಮೇಲೆ ಕಳ್ಳತನದ ಮಾತು ಬರುತ್ತದೆ. ಅಜೀಜಾ ಅವರಿಗೆ ಅನ್ನ ಸೇರದಿರುವುದು ಇದಕ್ಕೆ. ಗಂಡನ ಬಳಿ ಹೇಳಿಕೊಂಡಾಗ, ಮದುವೆ ಮನೆಯ ವಿಷಯ, ಬಾಯಿ ಬಿಡಬೇಡ, ಸುಮ್ಮನೆ ಪೋಣಿಸಿ ಕೊಟ್ಟು ಕೈ ತೊಳೆದುಕೋ ಎಂದರು. ಅವರ ಮಾತೂ ಸುಳ್ಳಲ್ಲ. ಹೇಳಿದರೆ ಮದುವೆಯೇ ಮುರಿದುಬಿದ್ದರೆ?

ಕೋನಪ್ಪ ಟೀ ಮುಗಿಸುವ ಹೊತ್ತಿಗೆ ಹೊರಗೆ ಕಾರು ನಿಲ್ಲುತ್ತದೆ. ಗೌಸ್ ಪೀರ್ ಹಾರದ ಪೆಟ್ಟಿಗೆ ಹಿಡಿದು ಇಳಿಯುತ್ತಾರೆ. ಅದರ ಹಿಂದೆಯೇ ಆಟೋದಲ್ಲಿ ಮೆಹ್ವಿಶ್, ಅವಳ ತಾಯಿ ಲುಬ್ನಾ. ಎರಡೂ ಕಡೆಯವರು ಬರಬೇಕೆನ್ನುವುದು ಅಜೀಜಾ ಅವರ ಕಟ್ಟುನಿಟ್ಟು. ಮಾಲೀಕರು ಎದುರಿಗಿಲ್ಲದೆ ಅವರು ಹಾರಕ್ಕೆ ಕತ್ತರಿ ಹಾಕುವುದಿಲ್ಲ, ಬೇರೆಯವರ ಒಂದು ಮುತ್ತನ್ನೂ ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅಂಗಡಿಯ ಕೆಲಸವಾದರೂ ಸಂಜೆಯೊಳಗೆ ವಾಪಸು. ಬಂದವರಿಗೆ ಉರ್ದುವಿನಲ್ಲಿ ಸಲಾಮು, ಕುಶಲ ನಡೆದರೂ, ಕೋನಪ್ಪ ಕೂತಿರುವುದನ್ನು ನೋಡಿ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಕೋನಪ್ಪ ಎದ್ದು ಹೊರಡಲು ನೋಡುತ್ತಾರೆ. ಅಜೀಜಾ ಅವರನ್ನು ಕೂರಿಸುತ್ತಾರೆ, ಹೊರಗಿನವರೊಬ್ಬರ ಕಣ್ಣೂ ಇರಲಿ ಎಂದು.

ಕತ್ತರಿ ಒಂದೇ ಸಲ ಸದ್ದು ಮಾಡುತ್ತದೆ. ನೈಲಾನ್ ದಾರ ಸಡಿಲಾಗಿ ಮುತ್ತುಗಳು ಬಿಳಿ ಬಟ್ಟೆಯ ಮೇಲೆ ಉರುಳುತ್ತವೆ. ಲುಬ್ನಾ ಎಣಿಸುತ್ತಾರೆ, ಗೌಸ್ ಪೀರ್ ಎಣಿಸುತ್ತಾರೆ, ಲೆಕ್ಕ ಸರಿ ಬರುತ್ತದೆ. ಅಜೀಜಾ ಒಂದನ್ನು ಎತ್ತಿ ಕಿಟಕಿಗೆ ಹಿಡಿಯುತ್ತಾರೆ. ಇದು ಸಮುದ್ರದ್ದೇ ಆಗಿರಲಿ ಎಂಬ ದುವಾ ಅವರ ತುಟಿಯ ಮೇಲೆ ಓಡುತ್ತಿದೆ. ತೂತಿನಲ್ಲಿ ಗೆರೆ ಇದೆ. ಎರಡನೆಯದರಲ್ಲೂ ಇದೆ. ಗೆರೆ ಇದ್ದರೆ ಈಗ ಏನೂ ಹೇಳಿದ ಹಾಗಾಗಲಿಲ್ಲ. ಅವರು ಹತ್ತಿ ಬಿಡಿಸಿ ಅಫ್ಜಲ್ ಕೊಟ್ಟ ಮುತ್ತನ್ನು ಪಕ್ಕದಲ್ಲಿಡುತ್ತಾರೆ, ಇನ್ನೊಂದು ಪಕ್ಕದಲ್ಲಿ ಅನಸೂಯಮ್ಮ ಕೊಟ್ಟ ಸೌತ್ ಸೀ. ಹಾರದ ಮುತ್ತುಗಳ ಹೊಳಪು ಒಳಗಿನಿಂದ ಬರುತ್ತಿಲ್ಲ, ಮೇಲೆಯೇ ಚುರುಕಾಗಿ ನಿಂತಿದೆ. ಕೆಲವುಗಳ ತೂತಿನ ಹತ್ತಿರ ನವಿರಾದ ಸುಕ್ಕು. ಅಫ್ಜಲ್ ಕೊಟ್ಟದ್ದರಲ್ಲೂ ಅಂಥದ್ದೇ ಸುಕ್ಕು. ಅಜೀಜಾ ಅವರ ಬೆರಳು ನಿಲ್ಲುತ್ತದೆ. ಈಗಲೂ ಸುಮ್ಮನಿದ್ದು ಸೂಜಿ ಎತ್ತಿಕೊಂಡರೆ ಈ ಕೋಣೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಅವರು ಭೂತಗನ್ನಡಿ ಕೆಳಗಿಡುತ್ತಾರೆ. “ಭಾಯಿ, ಆವತ್ತು ನಾನು ನಿಮಗೆ ತಪ್ಪು ಹೇಳಿದೀನಿ ಅನ್ಸತ್ತೆ. ಇದು ಮುತ್ತೇ, ಒಳ್ಳೇ ಮುತ್ತು. ಆದ್ರೆ ಸಮುದ್ರದ್ದಲ್ಲ, ಕೆರೆದು. ಮುಕ್ಕಾಲು ಪಾಲು ನಂಗೆ ಖಾತ್ರಿ. ಉಳಿದಿದ್ದು ಬೆಂಗಳೂರಿನ ಲ್ಯಾಬಿನ ಮಿಶನ್ನೇ ಹೇಳ್ಬೇಕು.”

ಲುಬ್ನಾ ಮಗಳ ಕೈ ಹಿಡಿದುಕೊಳ್ಳುತ್ತಾರೆ. ಅಂಗಡಿಯವನೂ ಸಮುದ್ರದ್ದು ಅಂತಲೇ ಹೇಳಿದ್ದ, ಬಾಯಲ್ಲಿ. ಬಿಲ್ಲಿನಲ್ಲಿ ಬರೆದದ್ದು ಬರೀ ಮುತ್ತಿನ ಹಾರ ಎಂದು. ಅದನ್ನು ನೆನೆದು ಗೌಸ್ ಪೀರ್ ತಮ್ಮ ಮೇಲೆ ತಾವೇ ಸಿಡುಕುತ್ತಾರೆ. ಆಮೇಲೆ ದನಿ ತಗ್ಗಿಸಿ, ಆದದ್ದು ಆಯಿತು, ಇದು ನಮ್ಮ ನಮ್ಮಲ್ಲೇ ಇರಲಿ, ಸುಮ್ಮನೆ ಪೋಣಿಸಿ ಕೊಡಿ ಎನ್ನುತ್ತಾರೆ. ಅಜೀಜಾ ಅವರಿಗೆ ನೋವಾಗಬಾರದೆಂದು ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಲುಬ್ನಾ ಕೂಡ ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಅಜೀಜಾ ಅವರ ಗಂಡನೂ ಹೇಳಿದ್ದು ಇದನ್ನೇ. ಎಲ್ಲರೂ ಬಿಡು ಎನ್ನುವಾಗ ಬಿಟ್ಟುಬಿಡುವುದು ಎಷ್ಟು ಸುಲಭವಿತ್ತು. ಅಜೀಜಾ ಸೂಜಿ ಮುಟ್ಟುವುದಿಲ್ಲ.

“ಇವತ್ತು ಮುಚ್ಚಿಟ್ರೆ ಮುಂದೆ ಯಾರೋ ಒಬ್ರು ಇದನ್ನ ತೋರಿಸ್ತಾರೆ. ಆಗ ದಾರ ಬದಲಾಯಿಸಿದ್ದು ಯಾರು ಅಂತ ಕೇಳ್ತಾರೆ. ಈ ಹುಡುಗಿ ಏನಂತ ಹೇಳ್ತಾಳೆ ಭಾಯಿ? ತಪ್ಪು ನಂದು, ಮಾತು ಇವಳ ಮೇಲೆ ಬರ್ತದೆ.”

ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತಿದ್ದ ಮೆಹ್ವಿಶ್ ಆಗ ಬಾಯಿ ತೆರೆಯುತ್ತಾಳೆ. “ಅಂಕಲ್, ಕೆರೆದಾದ್ರೂ ನಂಗೆ ಪರವಾಗಿಲ್ಲ. ಎಲ್ಲರಿಗೂ ಈಗ್ಲೇ ಗೊತ್ತಿರ್ಲಿ ಅಷ್ಟೇ.”

ಗೌಸ್ ಪೀರ್ ಎದ್ದು ಹೊರಗೆ ಹೋಗುತ್ತಾರೆ. ಚಪ್ಪಲಿ ಮೆಟ್ಟಿದ ಸದ್ದು ಕೇಳುತ್ತದೆ. ಕಾರಿನ ಬಾಗಿಲ ಸದ್ದಿಗಾಗಿ ಲುಬ್ನಾ ಕಿವಿ ನಿಮಿರಿಸುತ್ತಾರೆ, ಅವರ ಕಣ್ಣಲ್ಲಿ ಆಗಲೇ ನೀರು ತುಂಬಿದೆ. ಕೋನಪ್ಪ ಖಾಲಿ ಟೀ ಲೋಟವನ್ನೇ ಮತ್ತೊಮ್ಮೆ ಬಾಯಿಗೆ ಹಿಡಿಯುತ್ತಾರೆ. ಅಜೀಜಾ ಬಟ್ಟೆಯ ಮೇಲಿನ ಮುತ್ತುಗಳನ್ನು ಸುಮ್ಮನೆ ಸಾಲಾಗಿ ಜೋಡಿಸುತ್ತಿದ್ದಾರೆ. ಒಂದು ಹುಡುಗಿಯ ಮದುವೆ ತನ್ನ ಬಾಯಿಂದ ಕೆಟ್ಟಿತು ಎಂದು ಆ ಹೊತ್ತಿನಲ್ಲಿ ಅನಿಸಿತು ಎಂದು ಅವರು ಆಮೇಲೆ ಹೇಳಿಕೊಳ್ಳುತ್ತಾರೆ.

ಆಗ ಕಿಟಕಿಯ ಆಚೆಯಿಂದ ದನಿ ಕೇಳುತ್ತದೆ. ಗೌಸ್ ಪೀರ್ ಗಲ್ಲಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾರೆ. ಫೋನು ಹೋಗಿರುವುದು ಬೇರೆ ಯಾರಿಗೂ ಅಲ್ಲ, ಆ ಅಕ್ಕನಿಗೇ. ಮಂಗ್ನಿಯ ದಿನ ತಾನು ಹೇಳಿದ್ದು ತಪ್ಪು, ಹಾರ ಕೆರೆ ಮುತ್ತಿನದ್ದು ಎಂದು ಉರ್ದುವಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಾರೆ. ಆ ಕಡೆಯಿಂದ ಏನೋ ಜೋರಾಗಿ ಕೇಳಿರಬೇಕು, ಇವರ ದನಿಯೂ ಏರುತ್ತದೆ. ಅಂಗಡಿಯಿಂದ ತಂದಾಗಲೇ ಹಾಗಿತ್ತು ಅಕ್ಕಾ, ದಾರ ಕತ್ತರಿಸಿದ್ದು ನನ್ನ ಕಣ್ಣೆದುರಿಗೆ, ಎಣಿಸಿದ್ದು ನಾನು. ಈ ಮಾತನ್ನು ಅವರು ಎರಡನೇ ಸಲವೂ ಹೇಳುತ್ತಾರೆ. ಒಳಗೆ ಲುಬ್ನಾ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಉರ್ದು ಬಾರದ ಕೋನಪ್ಪನವರಿಗೂ ವಿಷಯ ತಿಳಿದುಹೋಗಿದೆ.

ಗೌಸ್ ಪೀರ್ ಒಳಗೆ ಬಂದು ಮತ್ತೆ ಅದೇ ಜಾಗದಲ್ಲಿ ಕೂರುತ್ತಾರೆ. ಪೋಣಿಸಿ ಆಪಾ ಎನ್ನುತ್ತಾರೆ, ಅಷ್ಟೇ. ಅಂಗಡಿಯವನ ಜೊತೆ ಏನು ಮಾತಾಡಬೇಕೋ ಅದನ್ನು ಮದುವೆ ಆದಮೇಲೆ ನೋಡಿಕೊಳ್ಳುತ್ತಾರಂತೆ.

ಮಾರುಕಟ್ಟೆಯಿಂದ ಮಗನ ಫೋನು ಬಂದು ಕೋನಪ್ಪ ಹೊರಡುತ್ತಾರೆ. ಹೋಗುವ ಮುನ್ನ ಕೆರೆ ಮುತ್ತನ್ನು ಜೇಬಿಗೆ ಹಾಕಿಕೊಂಡು, ಗಾಜಿನದ್ದನ್ನು ಪೆರೇಸಂದ್ರದವನ ಮುಖಕ್ಕೆ ಹಿಡಿಯುತ್ತೇನೆಂದು ಬೇರೆ ಕಾಗದದಲ್ಲಿ ಕಟ್ಟಿಕೊಳ್ಳುತ್ತಾರೆ. ಜ್ಯೋತಿಷಿಗೆ ಏನು ಹೇಳುತ್ತೀರಿ ಎಂದರೆ, ಮೊಮ್ಮಗನಿಗೆ ಅಳು ನಿಂತರೆ ಯಾವ ನೀರಾದರೇನು ಎಂದು ನಗುತ್ತಾರೆ.

ಬಿಸಿಲು ಏರಿದೆ. ಅಜೀಜಾ ಲುಬ್ನಾ ತಂದ ರೇಷ್ಮೆ ದಾರವನ್ನು ಸೂಜಿಗೆ ಏರಿಸುತ್ತಾರೆ. ಒಂದು ಮುತ್ತು, ಅದರ ಬೆನ್ನಿಗೇ ಒಂದು ಗಂಟು, ಮತ್ತೊಂದು ಮುತ್ತು. ಗಂಟು ಮುತ್ತಿಗೆ ಒತ್ತಿ ಕೂರಬೇಕು, ಆದರೆ ದಾರ ಬಿಗಿಯಬಾರದು. ಎಲ್ಲಿಯಾದರೂ ಹಾರ ಕಿತ್ತರೂ ಒಂದೇ ಮುತ್ತು ಬೀಳುತ್ತದೆ, ಉಳಿದವು ನಿಲ್ಲುತ್ತವೆ. ದಿನಕ್ಕೆ ಒಂದೆರಡು ಹಾರ ಆದರೆ ಹೆಚ್ಚು. ಮದುವೆಗಳ ತಿಂಗಳಲ್ಲಿ ಇನ್ನೂ ಒಂದು ಸೇರಿದರೆ ರಾತ್ರಿ ಕತ್ತು ತಿರುಗಿಸಲಾಗುವುದಿಲ್ಲ. ಬೇಸಿನ್ನಿನ ಬಿಸಿನೀರು ಹಾಳು ಮಾಡಿದ ಬೆರಳ ತುದಿಗಳಿಗೆ ಈ ಕೆಲಸದಲ್ಲಿ ಯಾವ ತೊಡಕೂ ಇಲ್ಲ. ಮೆಹ್ವಿಶ್ ಪಕ್ಕದಲ್ಲಿ ಕೂತು ಒಂದೊಂದೇ ಮುತ್ತು ಎತ್ತಿ ಕೊಡುತ್ತಾಳೆ.

ನಡುವೆ ಗಂಟುಗಳು ಬಂದರೆ ಹಾರ ಉದ್ದವಾಗುತ್ತದೆ. ಹಾಗಾಗಿ ಮೊದಲಿನ ಅಳತೆಗೇ ಮುಗಿಸಿದಾಗ ಕೊನೆಗೆ ಮುತ್ತು ಉಳಿಯುವುದುಂಟು. ಇವತ್ತೂ ಒಂದು ಉಳಿದಿದೆ. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಮಾಲೀಕರ ಕೈಗೆ ಕೊಡುವುದು ಅಜೀಜಾ ಅವರ ರೂಢಿ. ಸುತ್ತಿ ಮುಂದೆ ಚಾಚುತ್ತಾರೆ. ಗೌಸ್ ಪೀರ್ ಕೈ ಮುಂದೆ ಮಾಡುವುದಿಲ್ಲ.

“ನಿಮ್ಮ ಹತ್ರಾನೇ ಇರ್ಲಿ ಆಪಾ. ಮದುವೆ ಮುಗಿದ್ಮೇಲೆ ಬೆಂಗಳೂರಿನ ಲ್ಯಾಬಿಗೆ ಹೋಗಣ. ನೀವೂ ಬರ್ಬೇಕು. ಅವ್ರು ಹೇಳೋದು ನಂಗೆ ತಿಳಿಯಲ್ಲ, ನಿಮಗೆ ತಿಳೀತದೆ.”

ಅಜೀಜಾ ಬೇಡವೆನ್ನುತ್ತಾರೆ, ಇಟ್ಟುಕೊಳ್ಳುವ ಪದ್ಧತಿ ಇಲ್ಲ ಎನ್ನುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೆಹ್ವಿಶ್ ಹಾರವನ್ನು ಪೆಟ್ಟಿಗೆಯಲ್ಲಿಟ್ಟು, ಭಾನುವಾರ ಬೇಗ ಬನ್ನಿ ಖಾಲಾ ಎಂದು ಹೇಳಿ ಹೋಗುತ್ತಾಳೆ. ಗಲ್ಲಿಯಲ್ಲಿ ಕಾರೂ ಆಟೋವೂ ಒಂದರ ಹಿಂದೆ ಒಂದು ಹೊರಡುತ್ತವೆ.

ಅವರೆಲ್ಲ ಹೋದ ಮೇಲೆ ಅಜೀಜಾ ಅವರ ಕೈಯಲ್ಲಿ ಆ ಪೊಟ್ಟಣ ಉಳಿಯುತ್ತದೆ. ಅದನ್ನು ಮೊದಲು ಅಕ್ಕಿ ಡಬ್ಬದಲ್ಲಿ ಇಡುತ್ತಾರೆ, ತೆಗೆಯುತ್ತಾರೆ. ಕಪಾಟಿನ ಬಟ್ಟೆಯ ಮಡಿಕೆಯಲ್ಲಿ ಇಡುತ್ತಾರೆ, ಅಲ್ಲಿಯೂ ಸಮಾಧಾನವಿಲ್ಲ. ಕೊನೆಗೆ ಅನಸೂಯಮ್ಮನ ಡಬ್ಬಿಯೊಳಗೆ ಹಾಕಿ ಮುಚ್ಚಳ ತಿರುಗಿಸುತ್ತಾರೆ. ಬೆಂಗಳೂರಿನ ಲ್ಯಾಬಿನ ಮಾತು ಬಂದಾಗ ಅವರ ಮುಖ ಬೆಳಗಿನಿಂದ ಮೊದಲ ಸಲ ಅರಳುತ್ತದೆ. ಇಷ್ಟು ವರ್ಷ ತೂತಿನಿಂದ ಇಣುಕಿ ನೋಡಿದ್ದೇ ಆಯಿತು, ಒಂದು ಸಲ ಮುತ್ತಿನ ಒಳಗನ್ನು ಪೂರ್ತಿ ನೋಡಬೇಕು, ಅಲ್ಲಿನವರು ಬಿಟ್ಟರೆ ಆ ಮಿಶನ್ನಿನ ಪಕ್ಕ ನಿಂತು ನೋಡಬೇಕು ಎನ್ನುವುದು ಅವರ ಆಸೆ. ಇನ್ನು ಮುಂದೆ ದೊಡ್ಡ ಮುತ್ತು ತಂದವರಿಗೆ, ಮುತ್ತು ಹೌದು, ಯಾವ ನೀರಿನದು ಎಂದು ನನಗೆ ಗೊತ್ತಿಲ್ಲ ಎಂದೇ ಹೇಳುತ್ತಾರಂತೆ. ಹಾಗೆಂದರೆ ಜನ ಬರುತ್ತಾರೋ ಇಲ್ಲವೋ, ಆ ಭಯ ಇನ್ನೂ ಹೋಗಿಲ್ಲ.

ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟು ಬಂದು ಮತ್ತೆ ಕಿಟಕಿಯ ಕೆಳಗೆ ಕೂರುತ್ತಾರೆ. “ಇವತ್ತು ರಾತ್ರಿ ನಿದ್ದೆ ಬರಲ್ಲ ಬಿಡಿ. ಬೇರೆಯೋರ ಮುತ್ತು ಮನೇಲಿಟ್ಕೊಂಡು ಹೆಂಗೆ ಬರ್ತದೆ?” ಎನ್ನುತ್ತಾರೆ. ಆಮೇಲೆ ತಟ್ಟೆಯ ಬಟ್ಟೆಯನ್ನು ಕೈಯಿಂದ ಸವರಿ ಸರಿಮಾಡುತ್ತಾ ಹೇಳುತ್ತಾರೆ: “ತಪ್ಪು ಹೇಳಿದೆ ಅಂದ್ಮೇಲೂ ನನ್ನ ಹತ್ರಾನೇ ಬಿಟ್ಟು ಹೋದ್ರಲ್ಲ.”